ದೊಡ್ಡ ಬ್ಯಾಂಕನ್ನು ಸರ್ಕಾರ ಉಳಿಸಿದರೆ ನಷ್ಟ ಕೊನೆಗೆ ಯಾರ ತಲೆಗೆ?

ಪ್ರಶ್ನೆ: ಲೆಕ್ಕಪತ್ರ

2008ರಲ್ಲಿ ಅಮೆರಿಕ ‘ಟಾರ್ಪ್’ ಯೋಜನೆಯಡಿ ಬ್ಯಾಂಕುಗಳಿಗೆ ಸುಮಾರು 245 ಶತಕೋಟಿ ಡಾಲರ್ ಕೊಟ್ಟು, ಸುಮಾರು 275 ಶತಕೋಟಿ ವಾಪಸ್ ಪಡೆಯಿತು. ಲೇಮನ್ ಬ್ರದರ್ಸ್ ಎಂಬ ಹೂಡಿಕೆ ಬ್ಯಾಂಕನ್ನು ಮುಳುಗಲು ಬಿಟ್ಟದ್ದಕ್ಕೆ ಬಿಕ್ಕಟ್ಟು ಹೇಗೆ ಹಬ್ಬಿತು ಎಂಬುದು ಗೊತ್ತೇ ಇದೆ. ಹಾಗಿದ್ದ ಮೇಲೆ ಉಳಿಸುವುದರಲ್ಲಿ ಅಪಾಯ ಎಲ್ಲಿದೆ? ‘ನೈತಿಕ ಅಪಾಯ’ (ಹೇಗೂ ಉಳಿಸುತ್ತಾರೆಂದು ಬ್ಯಾಂಕುಗಳು ಇನ್ನಷ್ಟು ಅಪಾಯಕ್ಕೆ ಕೈಹಾಕುವುದು) ಎಂದು ಒಂದೇ ಮಾತಿನಲ್ಲಿ ಮುಗಿಸದೆ, ಹಣ ಯಾರಿಂದ ಯಾರಿಗೆ ಹೋಗುತ್ತದೆ ಎಂದು ಬಿಡಿಸಿ ಹೇಳಿ. ಇನ್ನೊಂದು ವಿಷಯ: 2017ರಲ್ಲಿ ನಮ್ಮ ಸರ್ಕಾರಿ ಬ್ಯಾಂಕುಗಳಿಗೆ ಘೋಷಿಸಿದ 2.11 ಲಕ್ಷ ಕೋಟಿಯಲ್ಲಿ 1.35 ಲಕ್ಷ ಕೋಟಿ ಬಾಂಡ್ ರೂಪದ್ದು, ಅದು ತೆರಿಗೆ ಹಣವೇ ಅಲ್ಲ ಎನ್ನುವವರಿದ್ದಾರೆ. ಸರಿಯೇ?

ತುಂಗಾತೀರ

ಟಾರ್ಪ್ ಲಾಭ ನಿಜ. ಆದರೆ ಆ ಲೆಕ್ಕಕ್ಕೆ ಸಿಗದ ಬಾಗಿಲುಗಳಿವೆ. ಎಐಜಿ ವಿಮಾ ಸಂಸ್ಥೆಯನ್ನೇ ನೋಡಿ. ಸರ್ಕಾರ ಅದನ್ನು ಉಳಿಸಿದಾಗ, ಸಾಲ ಮುಳುಗಿದರೆ ತುಂಬಿಕೊಡುವ ಒಪ್ಪಂದವನ್ನು ಅದರ ಜೊತೆ ಮಾಡಿಕೊಂಡಿದ್ದ ದೊಡ್ಡ ಬ್ಯಾಂಕುಗಳಿಗೆ ಡಾಲರಿಗೆ ಡಾಲರ್ ಪೂರ್ತಿ ಸಂದಾಯವಾಯಿತು. ಎಐಜಿ ದಿವಾಳಿಯಾಗಿದ್ದರೆ ಅವರೆಲ್ಲ ಸಾಲಿನಲ್ಲಿ ನಿಂತು ಸಿಕ್ಕಷ್ಟು ತೆಗೆದುಕೊಳ್ಳಬೇಕಿತ್ತು. ಆ ವ್ಯತ್ಯಾಸವೂ ಕೊಟ್ಟ ಹಣವೇ.

ಅದಕ್ಕಿಂತ ದೊಡ್ಡ ಅಪಾಯ ಕಾಣುವುದು ಐರ್ಲೆಂಡಿನಲ್ಲಿ. 2008ರ ಸೆಪ್ಟೆಂಬರ್ 30ರಂದು ಅಲ್ಲಿನ ಸರ್ಕಾರ ಆರು ಬ್ಯಾಂಕುಗಳ ಸುಮಾರು 440 ಶತಕೋಟಿ ಯೂರೋ ಹೊಣೆಗಾರಿಕೆಗೆ ಜಾಮೀನು ನಿಂತಿತು. ಅದು ದೇಶದ ಜಿಡಿಪಿಯ ಎರಡು ಪಟ್ಟಿಗೂ ಹೆಚ್ಚು. ಅಂದು ನಂಬಿದ್ದು ಏನೆಂದರೆ, ಬ್ಯಾಂಕುಗಳ ಆಸ್ತಿ ಗಟ್ಟಿಯಾಗಿದೆ, ಕೈಯಲ್ಲಿ ನಗದಿಲ್ಲ ಅಷ್ಟೆ. ನಗದಿನ ತೊಂದರೆಗೆ ಜಾಮೀನು ಸಾಕು, ಒಂದು ಪೈಸೆಯೂ ಖರ್ಚಾಗದೆ ಮುಗಿಯಬಹುದು. ನಿಜದಲ್ಲಿ ಕಟ್ಟಡ ಕಟ್ಟುವವರಿಗೆ ಕೊಟ್ಟ ಸಾಲಗಳೇ ಮುಳುಗಿದ್ದವು. ಹಾಗಿರುವಾಗ ಜಾಮೀನೆಂದರೆ ನಷ್ಟವನ್ನು ಸರ್ಕಾರ ತನ್ನ ಹೆಸರಿಗೆ ಬರೆಸಿಕೊಂಡಂತೆ. ಕೊನೆಗೆ ಸುಮಾರು 64 ಶತಕೋಟಿ ಯೂರೋ ಸುರಿದರು. 2010ರಲ್ಲಿ ವಿತ್ತೀಯ ಕೊರತೆ ಜಿಡಿಪಿಯ ಶೇ 30 ದಾಟಿತು, ಅದೇ ನವೆಂಬರಿನಲ್ಲಿ ದೇಶವೇ ಐಎಂಎಫ್ ಮತ್ತು ಯುರೋಪಿನ ಮುಂದೆ ಕೈಚಾಚಿತು.

ಇಲ್ಲಿ ನನಗೆ ಅತಿ ಅನ್ಯಾಯ ಎನಿಸುವುದು ಒಂದು ಸಂಗತಿ. ಠೇವಣಿದಾರರ ಜೊತೆಗೆ ಬ್ಯಾಂಕಿನ ಬಾಂಡ್ ಕೊಂಡಿದ್ದ ಹೂಡಿಕೆದಾರರನ್ನೂ ಆ ಜಾಮೀನು ಕಾಪಾಡಿತು. ಹೆಚ್ಚು ಬಡ್ಡಿಗೆ ಆಸೆಪಟ್ಟು ಅಪಾಯ ಒಪ್ಪಿಕೊಂಡಿದ್ದವರು ಅವರು. ಬಿಲ್ಲು ಮಾತ್ರ ಸಂಬಳ ಕಡಿತ, ಹೊಸ ತೆರಿಗೆಯಾಗಿ ಶಾಲೆಯ ಮೇಷ್ಟ್ರಿಗೆ, ನರ್ಸುಗಳಿಗೆ ಬಂತು.

ಖಾತೆಪುಸ್ತಕ

ಮರುಬಂಡವಾಳ ಬಾಂಡಿನ ಬಗ್ಗೆ. ಮೊತ್ತ 100 ಕೋಟಿ ಎಂದಿಟ್ಟುಕೊಳ್ಳಿ. ಬ್ಯಾಂಕು ತನ್ನಲ್ಲಿರುವ ಠೇವಣಿ ಹಣದಿಂದ ಸರ್ಕಾರದ 100 ಕೋಟಿ ಬಾಂಡ್ ಕೊಳ್ಳುತ್ತದೆ. ಸರ್ಕಾರ ಅದೇ 100 ಕೋಟಿಯಿಂದ ಅದೇ ಬ್ಯಾಂಕಿನ ಷೇರು ಕೊಳ್ಳುತ್ತದೆ. ನಗದು ಹೋದ ದಾರಿಯಲ್ಲೇ ವಾಪಸ್ ಬಂತು. ಬ್ಯಾಲೆನ್ಸ್ ಶೀಟಿನಲ್ಲಿ ಆಸ್ತಿಯ ಕಡೆ ಬಾಂಡ್ 100, ಇನ್ನೊಂದು ಕಡೆ ಷೇರು ಬಂಡವಾಳ 100 ಹೆಚ್ಚಾಯಿತು. ಆ ವರ್ಷದ ಬಜೆಟ್ಟಿನಿಂದ ಏನೂ ಹೋಗಲಿಲ್ಲ, ಆದ್ದರಿಂದ ತೆರಿಗೆ ಹಣ ಅಲ್ಲ ಅನ್ನುತ್ತಾರೆ.

ಆದರೆ ಬಡ್ಡಿ ಶೇ 7.5 ಎಂದರೆ ವರ್ಷಕ್ಕೆ 7.5 ಕೋಟಿ ಖಜಾನೆಯಿಂದಲೇ ಹೋಗಬೇಕು, ಅವಧಿ ಮುಗಿದಾಗ ಅಸಲೂ. ತೆರಿಗೆ ಹಣವೇ, ಕಂತಿನಲ್ಲಿ ಕೊಡುತ್ತೇವೆ ಅಷ್ಟೆ. 2020ರ ಕೊನೆಗೆ ಪಂಜಾಬ್ ಅಂಡ್ ಸಿಂಧ್ ಬ್ಯಾಂಕಿಗೆ ಕೊಟ್ಟ 5,500 ಕೋಟಿಯ ಬಾಂಡಿಗೆ ಬಡ್ಡಿಯೇ ಇರಲಿಲ್ಲ. ಹತ್ತು ವರ್ಷ ಬಿಟ್ಟು ಬರುವ 100 ರೂಪಾಯಿಗೆ ಶೇ 6.5ರ ಲೆಕ್ಕದಲ್ಲಿ ಇಂದಿನ ಬೆಲೆ ಸುಮಾರು 53. ಅಂಥ ಬಾಂಡನ್ನು ಪುಸ್ತಕದಲ್ಲಿ 100 ಎಂದೇ ಬರೆದರೆ 47 ರೂಪಾಯಿಯ ಬಂಡವಾಳ ಬರೀ ಕಾಗದದ್ದು. ಮುಂದೆ ಸಾಲ ಮುಳುಗಿದಾಗ ನಷ್ಟ ತುಂಬಿಕೊಳ್ಳಲು ಆ 47 ಸಿಗುವುದಿಲ್ಲ.

ಮಲೆನಾಡು_ಎಂ

ನಷ್ಟ ಹೊರುವ ಸರದಿ ತಪ್ಪುವುದನ್ನು ಯಾರೂ ಹೇಳಲಿಲ್ಲ. ನಿಯಮದ ಪ್ರಕಾರ ಮೊದಲು ಷೇರುದಾರ, ಆಮೇಲೆ ಎಟಿ-1 ಬಾಂಡ್ (ಬ್ಯಾಂಕು ಕಷ್ಟಕ್ಕೆ ಸಿಕ್ಕರೆ ಸೊನ್ನೆ ಮಾಡಬಹುದಾದ ಬಾಂಡ್), ನಂತರ ಉಳಿದ ಬಾಂಡ್, ಕೊನೆಗೆ ಠೇವಣಿ. ಅವಸರದಲ್ಲಿ ಉಳಿಸುವಾಗ ಇದು ತಲೆಕೆಳಗಾಗುತ್ತದೆ. 2020ರ ಮಾರ್ಚಿನಲ್ಲಿ ಮುಳುಗುತ್ತಿದ್ದ ಯೆಸ್ ಬ್ಯಾಂಕಿಗೆ ಎಸ್‌ಬಿಐ 6,050 ಕೋಟಿ ಹಾಕಿತು. 8,415 ಕೋಟಿಯ ಎಟಿ-1 ಬಾಂಡ್ ಪೂರ್ತಿ ಸೊನ್ನೆಯಾಯಿತು, ಹಳೆಯ ಷೇರು ಉಳಿಯಿತು. 2023ರಲ್ಲಿ ಸ್ವಿಟ್ಜರ್ಲೆಂಡಿನ ಬ್ಯಾಂಕ್ ಕ್ರೆಡಿಟ್ ಸ್ವೀಸ್‌ನಲ್ಲೂ ಷೇರುದಾರರಿಗೆ ಸುಮಾರು 3 ಶತಕೋಟಿ ಫ್ರಾಂಕ್ ಸಿಕ್ಕಿತು, ಸುಮಾರು 16 ಶತಕೋಟಿಯ ಎಟಿ-1 ಸೊನ್ನೆ. ಎರಡೂ ಕೋರ್ಟಿಗೆ ಹೋದವು. ಸರದಿಯ ಮೇಲೆ ನಂಬಿಕೆ ಹೋದರೆ ಮುಂದೆ ಬ್ಯಾಂಕುಗಳಿಗೆ ಬಂಡವಾಳವೇ ದುಬಾರಿ.

ಇನ್ನು ಚಿಕ್ಕ ಬ್ಯಾಂಕಿನವರ ಪಾಡು. ಯೆಸ್ ಬ್ಯಾಂಕಿನಲ್ಲಿ ಠೇವಣಿದಾರರು ಹಣ ತೆಗೆಯಲು ಇದ್ದ 50,000 ರೂಪಾಯಿ ಮಿತಿ ಹದಿಮೂರು ದಿನದಲ್ಲಿ ಹೋಯಿತು. ಅದೇ ಜನವರಿಯಲ್ಲಿ ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿಗೆ ಆರ್‌ಬಿಐ 35,000ದ ಮಿತಿ ಹಾಕಿತ್ತು, ಅದರ ನಿರ್ಬಂಧ ವರ್ಷಗಟ್ಟಲೆ ಮುಂದುವರಿಯಿತು. ಇದನ್ನು ಕಂಡವರು ಠೇವಣಿಯನ್ನು ದೊಡ್ಡ ಬ್ಯಾಂಕಿಗೇ ಒಯ್ಯುತ್ತಾರೆ. ದೊಡ್ಡದು ಇನ್ನೂ ದೊಡ್ಡದಾಗುತ್ತದೆ, ಉಳಿಸುವ ಖರ್ಚೂ ಹಾಗೇ ಬೆಳೆಯುತ್ತದೆ.

ಲೆಕ್ಕಪತ್ರ

ಧನ್ಯವಾದ. ಹಾಗಾದರೆ ಇಲ್ಲಿ ತಡೆ ಏನಿದೆ? ಠೇವಣಿದಾರರು ಏನು ನೋಡಿಕೊಳ್ಳಬೇಕು?

ಖಾತೆಪುಸ್ತಕ

ಆರ್‌ಬಿಐ ಎಸ್‌ಬಿಐ, ಎಚ್‌ಡಿಎಫ್‌ಸಿ, ಐಸಿಐಸಿಐ ಮೂರನ್ನೂ ವ್ಯವಸ್ಥೆಗೆ ಅತಿ ಮುಖ್ಯವಾದ ಬ್ಯಾಂಕುಗಳೆಂದು ಗುರುತಿಸಿ ಹೆಚ್ಚುವರಿ ಬಂಡವಾಳ ಕೇಳುತ್ತದೆ. 2025ರ ಏಪ್ರಿಲ್‌ನಿಂದ ಕ್ರಮವಾಗಿ ಶೇ 0.80, 0.40, 0.20. ಅಂದರೆ ಅಪಾಯಕ್ಕೆ ತಕ್ಕಂತೆ ತೂಗಿದ ಪ್ರತಿ 100 ಕೋಟಿ ಆಸ್ತಿಗೆ ಎಸ್‌ಬಿಐ 80 ಲಕ್ಷ ಹೆಚ್ಚಿಗೆ ಇಡಬೇಕು. ನನ್ನ ಅಭಿಪ್ರಾಯದಲ್ಲಿ ಸಾಲದು. ಮುಳುಗುವ ಬ್ಯಾಂಕನ್ನು ಕ್ರಮವಾಗಿ ಬಿಚ್ಚಲು ಪ್ರತ್ಯೇಕ ಕಾನೂನೇ ಬೇಕು. ಅದಕ್ಕೆಂದೇ ಎಫ್‌ಆರ್‌ಡಿಐ ಮಸೂದೆ 2017ರಲ್ಲಿ ಬಂತು. ಅದರ ‘ಬೇಲ್-ಇನ್’ (ಬ್ಯಾಂಕಿಗೆ ಹಣ ಕೊಟ್ಟವರಿಂದಲೇ ನಷ್ಟ ತುಂಬಿಸುವ) ಕಲಮಿನಿಂದ ಠೇವಣಿಗೇ ಕತ್ತರಿ ಬೀಳುತ್ತದೆಂಬ ಭಯ ಹಬ್ಬಿ 2018ರಲ್ಲಿ ವಾಪಸಾಯಿತು. ಬ್ಯಾಂಕು ಮುಳುಗಿದರೆ ಸಿಗುವ ಠೇವಣಿ ವಿಮೆಯ ಮಿತಿ ಆಗ ಬರೀ 1 ಲಕ್ಷ, ಆ ಭಯ ತಪ್ಪೇನಲ್ಲ.

ಈಗಿನ ವಿಮೆ 5 ಲಕ್ಷ, ಅಸಲು ಬಡ್ಡಿ ಎರಡೂ ಸೇರಿ. ಒಂದೇ ಬ್ಯಾಂಕಿನ ಎಲ್ಲ ಶಾಖೆಗಳಲ್ಲಿರುವ ನಿಮ್ಮ ಠೇವಣಿ ಒಟ್ಟುಗೂಡಿಸಿ ಲೆಕ್ಕ ಹಾಕುತ್ತಾರೆ. ವಿಲೀನವಾದ ಕಡೆ ಜಾಗ್ರತೆ: ಹಿಂದೆ ಸಿಂಡಿಕೇಟ್ ಬ್ಯಾಂಕಿನಲ್ಲಿ 4 ಲಕ್ಷ, ಕೆನರಾದಲ್ಲಿ 4 ಲಕ್ಷ ಇಟ್ಟವರಿಗೆ ಈಗ ಎರಡೂ ಸೇರಿ 5 ಲಕ್ಷಕ್ಕಷ್ಟೇ ವಿಮೆ. ಬ್ಯಾಂಕಿನವರು ಎಫ್‌ಡಿಗಿಂತ ಹೆಚ್ಚು ಬಡ್ಡಿಯ ಕಾಗದ ತೋರಿಸಿದರೆ, ಅದು ಠೇವಣಿಯೋ ಬಾಂಡೋ ಎಂದು ರಸೀದಿಯ ಮೇಲಿನ ಹೆಸರು ಓದಿ ತಿಳಿದುಕೊಳ್ಳಿ. ಬಾಂಡಿಗೆ ಈ ವಿಮೆ ಇಲ್ಲ.