ಹೊಸ ಫ್ಯೂಯೆಲ್ ಪಂಪ್ ಹಾಕಿದ ಮೇಲೂ ಪ್ರೆಶರ್ ನಿಲ್ಲುತ್ತಿಲ್ಲ, ನಿಮಗೂ ಹೀಗಾಗಿತ್ತಾ?

ಪ್ರಶ್ನೆ

ನನ್ನದು ಹಳೆಯ ಪೆಟ್ರೋಲ್ ಕಾರು. ಪಂಪ್ ಟ್ಯಾಂಕಿನ ಒಳಗಿದೆ, ಪ್ರೆಶರ್ ಹಿಡಿತದಲ್ಲಿಡುವ ರೆಗ್ಯುಲೇಟರ್ ಎಂಜಿನ್ ಹತ್ತಿರ ಇದೆ, ಉಳಿದ ಪೆಟ್ರೋಲ್ ವಾಪಸ್ ಟ್ಯಾಂಕಿಗೆ ಹೋಗುವ ರಿಟರ್ನ್ ಪೈಪ್ ಇದೆ. ಪಂಪ್ ಕೆಟ್ಟಿತ್ತು, ಹೊಸದು ಹಾಕಿಸಿದೆ. ಗಾಡಿ ಸ್ಟಾರ್ಟ್ ಆಗುತ್ತದೆ. ಆದರೆ ಗೇಜ್ ಮುಳ್ಳು ಒಂದು ಕಡೆ ನಿಲ್ಲುತ್ತಿಲ್ಲ. ಐಡಲಿಂಗ್‌ನಲ್ಲೇ ಒಮ್ಮೆ 3 ಬಾರ್, ಒಮ್ಮೆ 2 ಬಾರ್. ಜಾಸ್ತಿ ಆಕ್ಸಿಲರೇಟರ್ ಕೊಟ್ಟರೆ ಮಿಸ್ಸಿಂಗ್. ಮೆಕ್ಯಾನಿಕ್ ಇನ್ನೊಂದು ಪಂಪ್ ಹಾಕೋಣ ಅನ್ನುತ್ತಿದ್ದಾರೆ. ಅದಕ್ಕಿಂತ ಮೊದಲು ಏನೇನು ನೋಡಬೇಕು? ಇದನ್ನು ಅನುಭವಿಸಿದವರು ದಯವಿಟ್ಟು ಹೇಳಿ.

ಉತ್ತರ 1

ಇನ್ನೊಂದು ಪಂಪ್ ತರಿಸಬೇಡಿ ಸರ್. ಮೊದಲು ಪಂಪಿಗೆ ಸರಿಯಾಗಿ ಕರೆಂಟ್ ಬರುತ್ತಿದೆಯಾ ನೋಡಿ.

ನನ್ನ ಗಾಡಿಯಲ್ಲಿ ಆಗಿದ್ದು ಇದೇ. ಹೊಸ ಪಂಪ್ ಹಳೆಯದಕ್ಕಿಂತ ಜಾಸ್ತಿ ಕರೆಂಟ್ ಎಳೆಯುತ್ತಿತ್ತು, ಕನೆಕ್ಟರ್ ಮಾತ್ರ ಹಳೆಯದೇ. ಬಿಚ್ಚಿ ನೋಡಿದರೆ ಒಂದು ಪಿನ್ ಸುತ್ತ ಬಿಳಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಉಬ್ಬಿಕೊಂಡಿತ್ತು. ಪಿನ್ ಸಡಿಲವಾಗಿ ಅಲುಗಾಡುತ್ತಿತ್ತು. ಬಿಸಿಯಾದಾಗ ವೋಲ್ಟೇಜ್ ಇಳಿಯುತ್ತೆ, ಪಂಪ್ ನಿಧಾನವಾಗುತ್ತೆ, ಪ್ರೆಶರ್ ಬೀಳುತ್ತೆ. ಸ್ವಲ್ಪ ಹೊತ್ತಿಗೆ ಮತ್ತೆ ಸರಿಹೋಗುತ್ತೆ.

ಕನೆಕ್ಟರ್ ಬಿಚ್ಚಿಟ್ಟು ವೋಲ್ಟ್ ನೋಡಿದರೆ ಉಪಯೋಗವಿಲ್ಲ. ಒಂದೇ ಒಂದು ಎಳೆ ಉಳಿದ ವೈರ್ ಕೂಡ ಆಗ 12 ವೋಲ್ಟ್ ತೋರಿಸುತ್ತೆ. ಕನೆಕ್ಟರ್ ಹಾಕಿದ್ದು ಹಾಕಿದ ಹಾಗೇ ಇರಲಿ, ಪಂಪ್ ಓಡುತ್ತಿರಲಿ. ಹಿಂಭಾಗದಿಂದ ಮಲ್ಟಿಮೀಟರ್ ಪಿನ್ ತೂರಿಸಿ ಅಳೆಯಿರಿ. ಬ್ಯಾಟರಿ ಹತ್ತಿರ ಇರುವುದಕ್ಕಿಂತ ಅರ್ಧ ವೋಲ್ಟ್ ಕಡಿಮೆ ಬಂದರೆ ಪರವಾಗಿಲ್ಲ. ಒಂದು ವೋಲ್ಟಿಗಿಂತ ಜಾಸ್ತಿ ಕಡಿಮೆ ಇದ್ದರೆ ತೊಂದರೆ ವೈರಿಂಗ್‌ನಲ್ಲಿದೆ. ಅಳೆಯುವಾಗಲೇ ವೈರ್ ಕಟ್ಟನ್ನು ಸ್ವಲ್ಪ ಅಲುಗಾಡಿಸಿ, ಗೇಜ್ ನೋಡಲು ಇನ್ನೊಬ್ಬರು ಇರಲಿ.

ಉತ್ತರ 2

ನನಗೆ ವೈರಿಂಗ್ ಎಲ್ಲ ಸರಿಯಿತ್ತು. ತೊಂದರೆ ಇದ್ದದ್ದು ಟ್ಯಾಂಕಿನ ಒಳಗೆ.

ಪಂಪಿನಿಂದ ಮೇಲಿನ ಮುಚ್ಚಳಕ್ಕೆ ಒಂದು ಚಿಕ್ಕ ಹೋಸ್ ಇರುತ್ತದಲ್ಲ, ಅದನ್ನು ಬದಲಾಯಿಸುವಾಗ ಗ್ಯಾರೇಜಿನವರು ಹೊರಗಡೆ ಬಳಸುವ ಮಾಮೂಲಿ ಫ್ಯೂಯೆಲ್ ಹೋಸ್ ಹಾಕಿದ್ದರು. ಆ ಹೋಸ್ ಒಳಗಿನಿಂದ ಪೆಟ್ರೋಲ್ ತಡೆಯುತ್ತೆ, ಆದರೆ ಹೊರಮೈ ಸದಾ ಪೆಟ್ರೋಲಿನಲ್ಲಿ ಮುಳುಗಿದ್ದರೆ ತಡೆಯಲ್ಲ. ನಮ್ಮದು ತೆಗೆದು ನೋಡಿದಾಗ ಊದಿಕೊಂಡು ಮೆತ್ತಗಾಗಿತ್ತು, ಕ್ಲಿಪ್ ಹತ್ತಿರ ಸಣ್ಣ ಬಿರುಕು. ಸೋರಿದ್ದೆಲ್ಲ ಟ್ಯಾಂಕಿನೊಳಗೇ ಬೀಳುವುದರಿಂದ ಹೊರಗೆ ಒಂದು ಹನಿಯೂ ಕಾಣಲ್ಲ, ವಾಸನೆಯೂ ಬರಲ್ಲ. ಮುಳುಗಿ ಕೆಲಸ ಮಾಡುವ ಹೋಸೇ ಬೇರೆ, ಅದರ ಮೇಲೆ ಎಸ್‌ಎಇ 30ಆರ್10 (SAE 30R10) ಅಂತ ಅಚ್ಚಾಗಿರುತ್ತೆ. ಅದನ್ನೇ ಕೇಳಿ ತನ್ನಿ.

ಪಂಪ್ ಕೆಳಗಿನ ಜಾಲರಿ ಮಡಚಿಕೊಂಡಿದೆಯಾ, ಓ-ರಿಂಗ್ ಕೂತಿದೆಯಾ ಅಂತಲೂ ನೋಡಿ. ಟ್ಯಾಂಕ್ ತುಂಬಿದ್ದಾಗ ಸರಿ, ಕಾಲು ಟ್ಯಾಂಕಿಗೆ ಬಂದಾಗ ಪ್ರೆಶರ್ ಬೀಳುತ್ತೆ ಅಂದರೆ ಪಂಪ್ ತಳದವರೆಗೆ ಇಳಿದಿಲ್ಲ ಅಂತಲೇ ನನ್ನ ಅನುಮಾನ.

ಉತ್ತರ 3

ಗೇಜ್ ಬಗ್ಗೆ ಒಂದು ಮಾತು. ನಿಮ್ಮಂಥ ಸಿಸ್ಟಮ್‌ನಲ್ಲಿ ಮುಳ್ಳು ಅಲುಗಾಡಿದ್ದೆಲ್ಲ ತೊಂದರೆ ಅಂತಲ್ಲ. ರೆಗ್ಯುಲೇಟರಿಗೆ ವ್ಯಾಕ್ಯೂಮ್ ಪೈಪ್ (ಎಂಜಿನ್ ಗಾಳಿ ಎಳೆದುಕೊಳ್ಳುವ ಕಡೆಯಿಂದ ಬರುವ ಸಣ್ಣ ಪೈಪ್) ಇದ್ದರೆ ಐಡಲಿಂಗ್‌ನಲ್ಲಿ ಸುಮಾರು ಅರ್ಧ ಬಾರ್ ಕಡಿಮೆ ಇರುವುದೇ ಸರಿ. ಆಕ್ಸಿಲರೇಟರ್ ಕೊಟ್ಟಾಗ ಏರಬೇಕು. ನಿಮ್ಮದು ಐಡಲಿಂಗ್‌ನಲ್ಲೇ ಒಂದು ಬಾರ್ ಓಲಾಡುತ್ತಿದೆ, ಅದು ಸರಿಯಿಲ್ಲ. ಗೇಜ್ ಹೋಸ್‌ನಲ್ಲಿ ಗಾಳಿ ಉಳಿದಿದ್ದರೂ ಮುಳ್ಳು ಕುಣಿಯುತ್ತೆ, ಮೊದಲು ಅದನ್ನು ಹೊರಗೆ ಬಿಡಿ.

ವ್ಯಾಕ್ಯೂಮ್ ಪೈಪ್ ಕಳಚಿ ಒಳಗೆ ನೋಡಿ. ಪೆಟ್ರೋಲ್ ಹಸಿ ಇದ್ದರೆ ರೆಗ್ಯುಲೇಟರ್ ಒಳಗಿನ ಡಯಾಫ್ರಮ್ (ತೆಳು ಪೊರೆ) ಹರಿದಿದೆ, ಬೇರೆ ಯೋಚನೆಯೇ ಬೇಡ. ಒಣಗಿದ್ದರೆ, ರಿಟರ್ನ್ ಪೈಪಿನ ರಬ್ಬರ್ ಭಾಗವನ್ನು ಕ್ಲಾಂಪ್ ಇಟ್ಟು ಒಂದು ಕ್ಷಣ ಮಾತ್ರ ಒತ್ತಿ. ಪ್ರೆಶರ್ ಜಿಗಿದರೆ ಪಂಪಿಗೆ ಶಕ್ತಿಯಿದೆ, ರೆಗ್ಯುಲೇಟರ್ ಮೇಲೆ ಅನುಮಾನ ಪಡಬಹುದು. ಜಿಗಿಯದಿದ್ದರೆ ಪಂಪ್, ಒಳಗಿನ ಹೋಸ್, ಫಿಲ್ಟರ್, ಕರೆಂಟ್, ಈ ನಾಲ್ಕರಲ್ಲಿ ಒಂದು. ಪ್ಲಾಸ್ಟಿಕ್ ಪೈಪನ್ನು ಒತ್ತಲೇಬೇಡಿ, ಒಡೆಯುತ್ತೆ.

ಇನ್ನು ಇದನ್ನು ಮರೆಯಬೇಡಿ. ಪೈಪ್ ಬಿಚ್ಚುವ ಮೊದಲು ಪಂಪ್ ಫ್ಯೂಸ್ ತೆಗೆದು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಪ್ರೆಶರ್ ಇಳಿಸಿ. ಆಮೇಲೆ ಬ್ಯಾಟರಿ ಮೈನಸ್ ತೆಗೆಯಿರಿ. ಪೆಟ್ರೋಲ್ ಆವಿಗೆ ಒಂದು ಕಿಡಿ ಸಾಕು. ತೆರೆದ ಜಾಗದಲ್ಲೇ ಮಾಡಿ, ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವಂತಿರಲಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ವ್ಯಾಕ್ಯೂಮ್ ಪೈಪ್ ಒಣಗಿದೆ. ರಿಟರ್ನ್ ಒತ್ತಿದರೆ ಒಮ್ಮೆ ಜಿಗಿಯುತ್ತೆ, ಒಮ್ಮೆ ಜಿಗಿಯಲ್ಲ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.9 ವೋಲ್ಟ್, ಪಂಪ್ ಕನೆಕ್ಟರ್‌ನಲ್ಲಿ 11.6. ವೈರ್ ಅಲುಗಾಡಿಸಿದರೆ ಇನ್ನೂ ಇಳಿಯುತ್ತೆ. ಪಂಪಿಗೆ ಕರೆಂಟ್ ಕೊಡುವ ಸ್ವಿಚ್, ಅಂದರೆ ರಿಲೇ, ಬದಲಾಯಿಸಿ ನೋಡಿದೆ, ಏನೂ ವ್ಯತ್ಯಾಸ ಇಲ್ಲ.

ಉತ್ತರ 1 ಬರೆದವರು

ಹಾಗಾದರೆ 2.3 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತಿದೆ. ಎಲ್ಲಿ ಅಂತ ಹುಡುಕಬೇಕು. ಪಂಪ್ ಓಡುವಾಗಲೇ ಮೀಟರಿನ ಒಂದು ಪಿನ್ ಕನೆಕ್ಟರ್‌ನ ಅರ್ತ್ ವೈರಿಗೆ, ಇನ್ನೊಂದು ಬ್ಯಾಟರಿ ಮೈನಸ್‌ಗೆ ಇಡಿ. 0.2 ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ತ್ ಸರಿಯಿಲ್ಲ. ಆ ವೈರನ್ನು ಕಾರಿನ ಬಾಡಿಯ ಮೇಲೆ ಸ್ಕ್ರೂ ಹಾಕಿ ಕೂರಿಸಿರುವ ಜಾಗ ಹುಡುಕಿ, ಬಿಚ್ಚಿ, ತುಕ್ಕು ಕೆರೆದು ಮತ್ತೆ ಬಿಗಿ ಮಾಡಿ.

ಅರ್ತ್ ಸರಿಯಿದ್ದರೆ ಪ್ಲಸ್ ಕಡೆ. ಬ್ಯಾಟರಿ ಪ್ಲಸ್‌ನಿಂದ ಹೊರಟು ಫ್ಯೂಸ್, ರಿಲೇ ಸಾಕೆಟ್, ಮಧ್ಯದ ಕನೆಕ್ಟರ್ ಹೀಗೆ ಒಂದೊಂದೇ ದಾಟಿ ಅಳೆಯುತ್ತಾ ಬನ್ನಿ. ರಿಲೇ ಹೊಸದಾದರೂ ಅದು ಕೂರುವ ಸಾಕೆಟ್‌ನ ಕಾಲು ಅಗಲವಾಗಿದ್ದರೆ ಇದೇ ಗತಿ. ಎಲ್ಲಿ ನಷ್ಟ ಕಾಣುತ್ತೋ ಅಲ್ಲಿ ಪಿನ್ ಬದಲಾಯಿಸಿ, ಸುಮ್ನೆ ಟೇಪ್ ಸುತ್ತಿ ಬಿಡಬೇಡಿ. ವೋಲ್ಟೇಜ್ ಸರಿಹೋದ ಮೇಲೂ ಮುಳ್ಳು ಓಲಾಡಿದರೆ ಆಗ ಟ್ಯಾಂಕ್ ತೆರೆದು ಆ ಹೋಸ್ ನೋಡಿ. ಬಂದ ಅಳತೆ ಇಲ್ಲಿ ಹಾಕಿ, ಮುಂದಿನದು ನೋಡೋಣ.