ಟರಾಂಟುಲಾ ಜೇಡ ಮೂರು ವಾರದಿಂದ ಹುಳ ಮುಟ್ಟಿಲ್ಲ, ಹೊಟ್ಟೆ ಕಪ್ಪಾಗ್ತಾ ಉಂಟು, ಎಂತ ಮಾಡುದು?

ಬದಿಯಡ್ಕದವ:
ಎಲ್ರಿಗೂ ನಮಸ್ಕಾರ. ನಾನು ಟರಾಂಟುಲಾ ಸಾಕುದು ಇದೇ ಮೊದಲು, ಮನೆ ಬದಿಯಡ್ಕದಿಂದ ಸ್ವಲ್ಪ ಒಳಗೆ. ಕರ್ಲಿ ಹೇರ್ ಜಾತಿ, ಕಾಲು ಚಾಚಿದ್ರೆ ಎರಡೂವರೆ ಇಂಚು ಬರಬಹುದು. ಫೆಬ್ರವರಿಯಲ್ಲಿ ಮಂಗ್ಳೂರಿನಲ್ಲಿ ಒಬ್ರ ಹತ್ರ ತಗೊಂಡದ್ದು, ಅವ್ರ ಮನೆಯಲ್ಲೇ ಮರಿ ಆದದ್ದು ಅಂತ ಹೇಳಿದ್ರು. ಅಮ್ಮ ಮೊದಲು ಮನೆಯೊಳಗೆ ತರ್ಲಿಕ್ಕೇ ಬಿಡ್ಲಿಲ್ಲ, ಈಗ ಬೆಳಿಗ್ಗೆ ದೀಪ ಇಟ್ಟು ಬಂದು ಅವ್ರೇ ಒಂದು ಸಲ ಬಗ್ಗಿ ನೋಡಿ ಹೋಗ್ತಾರೆ.

ಜೂನ್ ಕೊನೆಯವರೆಗೆ ವಾರಕ್ಕೊಂದು ಕ್ರಿಕೆಟ್ ಹುಳ ಹಾಕಿದ್ರೆ ನೆಲಕ್ಕೆ ಬೀಳುವ ಮೊದಲೇ ಹಿಡೀತಿತ್ತು. ಈಗ ಮೂರು ವಾರ ಆಯ್ತು, ಮುಟ್ಟುದೇ ಇಲ್ಲ, ಹುಳ ಹತ್ರ ಬಂದ್ರೆ ಇದೇ ಹಿಂದೆ ಸರೀತದೆ. ಹೊಟ್ಟೆಯ ಮೇಲೆ ಕೂದಲು ಉದುರಿ ಬೋಳಾದ ಒಂದು ಜಾಗ ಉಂಟು, ಅದು ಮೊದಲು ಮಾಸಿದ ಗುಲಾಬಿ ಬಣ್ಣ ಇತ್ತು, ಈಗ ಕಪ್ಪಾಗಿ ಹೊಳೀತದೆ. ಅಡಗಿ ಕೂರ್ಲಿಕ್ಕೆ ಅಂತ ಅರ್ಧ ತೆಂಗಿನ ಗೆರಟೆ ಕವುಚಿ ಇಟ್ಟಿದ್ದೆ, ಅದರ ಬಾಯಿಗೆ ಬಲೆ ಕಟ್ಟಿ ಒಳಗೆ ಕೂತಿದೆ.

ಅದರ ಮೇಲೆ ಆಟಿಯ ಮಳೆ ಬೇರೆ, ಕೊಕೊಪೀಟಿನ (ತೆಂಗಿನ ನಾರಿನ ಹುಡಿ) ಮೇಲೆ ಅಲ್ಲಲ್ಲಿ ಬಿಳಿ ಬೂಷ್ಟು ಬಂದಿದೆ, ನಿನ್ನೆ ಮೇಜಿನ ಕಾಲಿನಲ್ಲಿ ಸಣ್ಣ ಕೆಂಪಿರುವೆ ಸಾಲು ಕಂಡೆ. ಹಳೇ ಮೀನಿನ ಟ್ಯಾಂಕಿನಲ್ಲಿ ಇಟ್ಟದ್ದು, ಒಂದೂವರೆ ಅಡಿ ಎತ್ತರ, ಅಡಿಯಲ್ಲಿ ಎರಡಿಂಚು ಕೊಕೊಪೀಟ್. ಗೆರಟೆ ಎತ್ತಿ ನೋಡ್ಬಹುದಾ, ಚಿಮಟದಲ್ಲಿ ಹುಳ ಹಿಡಿದು ಬಾಯಿಯ ಹತ್ರ ಕೊಟ್ರೆ ತಿಂದೀತಾ, ಇರುವೆಗೆ ಚಾಕ್ ಗೀರಿದ್ರೆ ಆಗ್ತದಾ? ಇಲ್ಲಿಯ ದನದ ಡಾಕ್ಟ್ರ ಹತ್ರ ಕೇಳಿದೆ, ಇದು ನಂಗೆ ಗೊತ್ತಾಗುದಿಲ್ಲ ಅಂತ ನೇರ ಹೇಳಿದ್ರು. ರಾತ್ರಿ ಎರಡೆರಡು ಸಲ ಎದ್ದು ಟಾರ್ಚ್ ಹಾಕಿ ನೋಡ್ತಾ ಇದ್ದೇನೆ.

ಪೆರ್ಲದ ಮಾಷ್ಟ್ರು:
ತಮ್ಮ, ಮೊದಲು ಒಂದು ಕೆಲಸ ಮಾಡು, ಟ್ಯಾಂಕಿನೊಳಗೆ ಜೀವಂತ ಹುಳ ಉಂಟಾದ್ರೆ ಈಗಲೇ ತೆಗಿ, ಉಳಿದದ್ದು ಆಮೇಲೆ ಓದು.

ತೆಗೆದಾಯ್ತಾ? ನೀನು ಬರೆದದ್ದೆಲ್ಲ ಪೊರೆ ಬಿಡುವ ಮೊದಲಿನ ಲಕ್ಷಣ, ರೋಗ ಅಲ್ಲ. ಜೇಡಕ್ಕೆ ಒಳಗೆ ಎಲುಬಿಲ್ಲ, ಹೊರಗಿನ ಚಿಪ್ಪೇ ಅದಕ್ಕೆ ಎಲುಬು, ಆ ಚಿಪ್ಪು ಬೆಳೆಯುದಿಲ್ಲ, ಹಾಗಾಗಿ ಹಾವಿನ ಹಾಗೆ ಕಳಚಿಯೇ ದೊಡ್ಡದಾಗ್ಬೇಕು. ಈಗ ಹಳೇ ಚರ್ಮದ ಅಡಿಯಲ್ಲಿ ಹೊಸ ಚರ್ಮ, ಹೊಸ ಕೂದಲು ತಯಾರಾಗಿದೆ, ಆ ಹೊಸ ಕಪ್ಪು ಕೂದಲೇ ಬೋಳು ಜಾಗದಲ್ಲಿ ಒಳಗಿಂದ ಕಾಣುದು. ಹಾವಿಗಿಂತಲೂ ಇದರದ್ದು ಕಷ್ಟದ ಕೆಲಸ, ಕೋರೆಹಲ್ಲು, ಹೀರುವ ಹೊಟ್ಟೆಯ ಒಳಪದರ, ಉಸಿರಾಟದ ಅಂಗದ ಪದರ ಸಹ ಕಳಚಿ ಬರ್ಬೇಕು. ಆ ಹೊತ್ತಿಗೆ ಅದು ಹತ್ತಿಯಷ್ಟು ಮೆತ್ತಗೆ, ಒಂದು ಕ್ರಿಕೆಟ್ ಬಂದು ಕಚ್ಚಿದ್ರೂ ಮುಗೀತು, ಅದಕ್ಕೇ ಮೊದಲು ಹುಳ ತೆಗಿ ಅಂದದ್ದು.

ಗೆರಟೆ ಎತ್ತುದು ಬೇಡ, ಚಿಮಟ ಬೇಡ. ಊಟ ಬಿಟ್ಟದ್ದಕ್ಕೆ ಹೆದರುದೂ ಬೇಡ, ಹೊಟ್ಟೆ ದುಂಡಗೆ ಉಂಟಲ್ಲ, ದೊಡ್ಡವು ತಿಂಗಳುಗಟ್ಟಲೆ ತಿನ್ನದೆ ಇರ್ತವೆ. ನೀರಿನ ತಟ್ಟೆ ಮಾತ್ರ ಯಾವಾಗಲೂ ತುಂಬಿರ್ಲಿ.

ಇನ್ನೊಂದು ಮಾತು, ಇದನ್ನು ಸರಿಯಾಗಿ ನೆನಪಿಡು. ಪೊರೆ ಬಿಡುವಾಗ ಅದು ಬೆನ್ನು ಕೆಳಗೆ ಮಾಡಿ ಅಂಗಾತ ಮಲಗ್ತದೆ, ಕಾಲು ಮೇಲೆ. ನೋಡಿದವರಿಗೆ ಸತ್ತ ಹಾಗೇ ಕಾಣುದು. ಸಾಯುವ ಜೇಡ ಸಾಮಾನ್ಯ ಹಾಗೆ ಮಲಗುದಿಲ್ಲ, ಇದ್ದಲ್ಲೇ ಕಾಲನ್ನೆಲ್ಲ ಹೊಟ್ಟೆಯಡಿಗೆ ಮುದುಡಿಕೊಳ್ತದೆ. ಯಾಕಂದ್ರೆ ಕಾಲು ಮಡಚ್ಲಿಕ್ಕೆ ಅದಕ್ಕೆ ಸ್ನಾಯು ಉಂಟು, ಚಾಚ್ಲಿಕ್ಕೆ ಮುಖ್ಯ ಗಂಟುಗಳಲ್ಲಿ ಸ್ನಾಯು ಇಲ್ಲ, ಒಳಗಿನ ದ್ರವದ ಒತ್ತಡದಿಂದಲೇ ಚಾಚುದು, ಜೀವ ಹೋಗುವಾಗ ಒತ್ತಡ ಇಳಿದು ಕಾಲು ಮುದುಡ್ತದೆ. ನಂಗೆ ಇದು ಗೊತ್ತಿರ್ಲಿಲ್ಲ. ನನ್ನ ಮೊದಲನೆಯದ್ದು ಅಂಗಾತ ಬಿದ್ದದ್ದು ಕಂಡು ಪಾಪ ಮಗುಚಿ ಹೋಗಿದೆ ಅಂತ ಬ್ರಷ್ಷಿನಿಂದ ಮೆಲ್ಲ ತಿರುಗಿಸಿ ನಿಲ್ಲಿಸಿದೆ. ಮೂರು ಕಾಲು ಹಳೇ ಪೊರೆಯಲ್ಲೇ ಸಿಕ್ಕಿ ಹಾಕಿಕೊಂಡಿತು, ಮರುದಿನ ಸಂಜೆ ಹೋಯ್ತು. ಒಂಬತ್ತು ವರ್ಷ ಆಯ್ತು, ಈಗಲೂ ಯಾರಾದ್ರೂ ಹೊಸಬರು ಬರೆದ್ರೆ ಅದೇ ಕಣ್ಣಿಗೆ ಬರುದು. ನೀನು ಮಾತ್ರ ಮುಟ್ಬೇಡ.

ಕುಂಬಳೆ ಕಡಲು:
ಪೊರೆ ಬಿಡುವ ಸಮಯ ಅಂದ್ರೆ ತೇವ ಜಾಸ್ತಿ ಬೇಕಲ್ವಾ, ದಿನಕ್ಕೆರಡು ಸಲ ಸ್ಪ್ರೇ ಬಾಟ್ಲಿಯಲ್ಲಿ ನೀರು ಹೊಡೀರಿ ಅಂತ ಒಂದು ವಿಡಿಯೋದಲ್ಲಿ ನೋಡಿದ್ದೆ. ಇಲ್ಲಾಂದ್ರೆ ಪೊರೆ ಅಂಟಿಕೊಳ್ತದಂತೆ.

ಉಪ್ಪಳದ ಅಕ್ಕ:
ಬೇಡ ಮಾರಾಯ, ಆ ವಿಡಿಯೋದವ್ರ ಊರಿನಲ್ಲಿ ಹೀಟರ್ ಹಾಕಿ ಗಾಳಿ ಒಣಗಿರ್ತದೆ, ನಮ್ಮಲ್ಲಿ ಈಗ ಒಣಗ್ಲಿಕ್ಕೆ ಹಾಕಿದ ಬಟ್ಟೆ ನಾಲ್ಕು ದಿನ ಆದ್ರೂ ಒಣಗುದಿಲ್ಲ, ಇದಕ್ಕಿಂತ ಎಂತ ತೇವ ಬೇಕು? ಕರ್ಲಿ ಹೇರ್ ನಿಕರಾಗುವಾ, ಕೋಸ್ಟರಿಕಾ ಕಡೆಯದ್ದು, ನಮ್ಮ ಹವೆ ಅದಕ್ಕೆ ಹೊಸತಲ್ಲ, ಹೀಟರೂ ಬೇಡ ಸ್ಪ್ರೇಯೂ ಬೇಡ. ಪೊರೆ ಬಿಡ್ಲಿಕ್ಕೆ ಬೇಕಾದ ನೀರು ಅದರ ಮೈಯೊಳಗೆ ಇರ್ಬೇಕು, ಅದನ್ನು ಅದು ತಟ್ಟೆಯಿಂದ ಕುಡಿದು ಮಾಡಿಕೊಳ್ತದೆ. ಮಳೆಗಾಲದಲ್ಲಿ ನಮಗೆ ಬೇಕಾದ್ದು ಗಾಳಿ. ಮುಚ್ಚಳದಲ್ಲಿ ಮಾತ್ರ ತೂತು ಇದ್ರೆ ಸಾಕಾಗುದಿಲ್ಲ, ಎರಡು ಬದಿಯಲ್ಲಿ ಎದುರು ಬದುರಾಗಿ ತೂತಿರ್ಬೇಕು. ಗಾಜಿನ ಟ್ಯಾಂಕಿಗೆ ತೂತು ಮಾಡ್ಲಿಕ್ಕಾಗುದಿಲ್ಲ, ಹಾಗಾಗಿ ನಾನು ಪ್ಲಾಸ್ಟಿಕ್ ಡಬ್ಬಕ್ಕೆ ಬೆಸುಗೆ ಕಡ್ಡಿ ಬಿಸಿ ಮಾಡಿ ಸಣ್ಣ ಸಣ್ಣ ತೂತು ಹಾಕುದು. ಬೂಷ್ಟು ಸ್ವಲ್ಪ ಇದ್ರೆ ಈಗ ಬಿಟ್ಟುಬಿಡು, ಪೊರೆ ಆದ ಮೇಲೆ ಚಮಚದಲ್ಲಿ ಆ ಭಾಗ ಮಾತ್ರ ತೆಗೆದ್ರೆ ಆಯ್ತು.

ಇರುವೆ ಚಾಕ್ ಮಾತ್ರ ಆ ಕೋಣೆಗೇ ತರ್ಬೇಡ ತಮ್ಮ. ಅದರಲ್ಲಿ ಇರುದು ಇರುವೆಯನ್ನೂ ಜೇಡವನ್ನೂ ಒಟ್ಟಿಗೆ ಕೊಲ್ಲುವ ಮದ್ದು. ಸೊಳ್ಳೆಬತ್ತಿ, ಗೋಡೆಗೆ ಸಿಕ್ಕಿಸುವ ಲಿಕ್ವಿಡ್, ಜಿರಳೆ ಸ್ಪ್ರೇ ಎಲ್ಲ ಅದೇ ಬಳಗ. ನನ್ನ ಅತ್ತೆ ಜಗಲಿಯಲ್ಲಿ ಜಿರಳೆಗೆ ಸ್ಪ್ರೇ ಹೊಡೆದ ದಿನ ಒಳಕೋಣೆಯಲ್ಲಿದ್ದ ನನ್ನದ್ದು ರಾತ್ರಿಯೆಲ್ಲ ನಡುಗ್ತಾ ತೂರಾಡ್ತಾ ಇತ್ತು, ಕೂಡ್ಲೇ ಹೊಸ ಡಬ್ಬಕ್ಕೆ ಹಾಕಿ ಗಾಳಿಗೆ ಇಟ್ಟೆ, ಬದುಕಿದ್ದು ಪುಣ್ಯ. ನೀನು ಸೊಳ್ಳೆಪರದೆ ಕಟ್ಟಿ ಮಲಗು. ಇರುವೆಗೆ ನಮ್ಮ ಅಜ್ಜಿಯಂದಿರು ಬೆಲ್ಲದ ಭರಣಿಗೆ ಮಾಡ್ತಿದ್ದ ಉಪಾಯವೇ ಸಾಕು, ಅಗಲದ ತಟ್ಟೆಗೆ ನೀರು ಹಾಕಿ ನಡುವಿನಲ್ಲಿ ಬಟ್ಟಲು ಕವುಚಿ ಅದರ ಮೇಲೆ ಡಬ್ಬ ಇಡುದು. ಟ್ಯಾಂಕ್ ಭಾರ ಆದ್ರೆ ಮೇಜಿನ ನಾಲ್ಕು ಕಾಲಿಗೂ ಒಂದೊಂದು ಗೆರಟೆಯಲ್ಲಿ ನೀರು ಇಡು, ಎರಡು ದಿನಕ್ಕೊಮ್ಮೆ ಚೆಲ್ಲಿ ಬದಲಾಯಿಸು, ಇಲ್ಲಾಂದ್ರೆ ಅದರಲ್ಲೇ ಸೊಳ್ಳೆ ಹುಟ್ತದೆ.

ಹುಳ ಎಲ್ಲಿಂದ ತರ್ತೀಯ ಅಂತ ನೀನು ಬರೀಲಿಲ್ಲ. ತೋಟದಿಂದ ಹಿಡಿದು ತರುದಾದ್ರೆ ನಿಲ್ಲಿಸು. ಈಗ ಅಡಿಕೆಗೆ ಎರಡನೇ ಸಲ ಮದ್ದು ಬಿಡುವ ಸಮಯ, ಮೈಲುತುತ್ತು ಮಾತ್ರ ಅಲ್ಲ, ಪಕ್ಕದ ತೋಟದವ್ರು ಎಂತೆಂತ ಹೊಡೀತಾರೆ ಯಾರಿಗೆ ಗೊತ್ತು. ಮದ್ದಿನ ವಿಷಯ ನಮ್ಮ ಕಾಸರಗೋಡು ಜಿಲ್ಲೆಯವ್ರಿಗೆ ಬೇರೆಯವ್ರು ಹೇಳ್ಬೇಕಾಗಿಲ್ಲ, ಗೇರುತೋಟದ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಹೊಡೆದದ್ದು 2000ದಲ್ಲಿ ನಿಂತ್ರೂ ಎಣ್ಮಕಜೆಯ ಮನೆಗಳಲ್ಲಿ ಅದರ ನೋವು ಇನ್ನೂ ಉಂಟು. ಅಂಥದ್ದರಲ್ಲಿ ಅಂಗೈಯಷ್ಟು ಜೀವಕ್ಕೆ ಎಷ್ಟು ಬೇಕು? ಒಂದು ಬಕೆಟಿನಲ್ಲಿ ಮೊಟ್ಟೆ ಟ್ರೇ ಇಟ್ಟು ಕ್ರಿಕೆಟ್ ನೀನೇ ಸಾಕು, ಕ್ಯಾರೆಟ್, ಕೋಳಿ ಆಹಾರ ಹಾಕಿದ್ರೆ ಆಯ್ತು.

ಮತ್ತೆ ಆ ಒಂದೂವರೆ ಅಡಿ ಟ್ಯಾಂಕ್ ಕೇಳಿ ನಂಗೆ ಹೆದರಿಕೆ ಆಯ್ತು. ಇದು ನೆಲದ ಜೇಡ, ಗಾಜು ಹತ್ತಿ ಮೇಲಿಂದ ಬಿದ್ರೆ ಹೊಟ್ಟೆ ಒಡೀತದೆ. ಮಣ್ಣಿನಿಂದ ಮುಚ್ಚಳಕ್ಕೆ ಅದರ ಕಾಲಳತೆಯ ಒಂದೂವರೆ ಪಾಲಿಗಿಂತ ಹೆಚ್ಚು ಎತ್ತರ ಬೇಡ. ಪೊರೆ ಆಗಿ ಗಟ್ಟಿಯಾದ ಮೇಲೆ ತಗ್ಗು ಡಬ್ಬಕ್ಕೆ ಬದಲಾಯಿಸು, ನಾಲ್ಕೈದು ಇಂಚು ಕೊಕೊಪೀಟ್ ಒತ್ತಿ ಹಾಕು, ಬಿಲ ತೋಡಿಕೊಳ್ಳುದು ಅಂದ್ರೆ ಅದಕ್ಕೆ ಇಷ್ಟ. ಬದಲಾಯಿಸುವಾಗ ಮುಖ ಹತ್ರ ತರ್ಬೇಡ, ಹಿಂದಿನ ಕಾಲಿನಲ್ಲಿ ಹೊಟ್ಟೆಯ ಕೂದಲು ಕೆರೆದು ಹಾರಿಸ್ತದೆ, ಕಣ್ಣಿಗೆ ಹೋದ್ರೆ ಡಾಕ್ಟ್ರ ಹತ್ರ ಓಡ್ಬೇಕು. ಕೈಯ ಮೇಲೆ ಬಿಟ್ಟು ಫೋಟೋ ತೆಗೆಯುದಂತೂ ಬೇಡವೇ ಬೇಡ, ಅದರಿಂದ ಅದಕ್ಕೆ ಎಂತ ಸುಖವೂ ಇಲ್ಲ.

ಮುಳ್ಳೇರಿಯದವ:
ಒಳ್ಳೆ ವಿಷಯ ಗೊತ್ತಾಯ್ತು. ಒಂದು ಡೌಟ್, ನಮ್ಮ ತೋಟದ ಮುರಕಲ್ಲಿನ ದರೆಯಲ್ಲಿ ತೂತು ಮಾಡಿ ಬಾಯಿಗೆ ಬಲೆ ಕಟ್ಟಿಕೊಂಡು ದೊಡ್ಡ ಎಟ್ಟುಕಾಲಿ (ಜೇಡ) ಕೂತಿರ್ತದೆ, ರಾತ್ರಿ ಟಾರ್ಚ್ ಹಾಕಿದ್ರೆ ಕಾಲು ಮಾತ್ರ ಕಾಣ್ತದೆ. ಅದೂ ಟರಾಂಟುಲಾ ಅಲ್ವಾ, ದುಡ್ಡು ಕೊಟ್ಟು ತರುದ್ಯಾಕೆ, ಅದನ್ನೇ ಹಿಡಿದು ಸಾಕಬಹುದಲ್ಲ?

ಪೆರ್ಲದ ಮಾಷ್ಟ್ರು:
ಟರಾಂಟುಲಾವೇ ಇರಬಹುದು ಅಣ್ಣ, ಪಶ್ಚಿಮ ಘಟ್ಟದ ಕಡೆ ದರೆಯಲ್ಲಿ ಬಿಲ ಮಾಡುವ ಥ್ರಿಗ್ಮೋಪಿಯಸ್, ಹ್ಯಾಪ್ಲೋಕ್ಲಾಸ್ಟಸ್ ಅಂತ ಇದ್ದಾವೆ. ಆದ್ರೆ ದಯವಿಟ್ಟು ಅದನ್ನು ಅಲ್ಲೇ ಬಿಡಿ. ಹೆಣ್ಣು ಒಂದೇ ಬಿಲದಲ್ಲಿ ವರ್ಷಗಟ್ಟಲೆ ಇರ್ತದೆ, ನೀವು ಒಂದನ್ನು ಅಗೆದು ತೆಗೆದ್ರೆ ಮುಂದಿನ ಮರಿಗಳೂ ಹೋದ ಹಾಗೆ. ಅಲ್ಲದೆ ನಮ್ಮ ದೇಶದ ಜಾತಿಗಳಿಗೆ ಹಾರಿಸುವ ಕೂದಲಿಲ್ಲ, ಹಾಗಾಗಿ ನೇರ ಕಚ್ಚುದೇ, ಓಟವೂ ಜೋರು. ಮರದ ಪೊಟರೆಯಲ್ಲಿ ಇರುವ ಪೊಯಿಸಿಲೋಥೀರಿಯಾ ಕಚ್ಚಿದ್ರೆ ದಿನಗಟ್ಟಲೆ ಮಾಂಸಖಂಡ ಹಿಡಿದುಕೊಳ್ತದೆ. ಅದೇ ಬಳಗದ ನೀಲಿ ಜೇಡ ಮೊದಲು ಸಿಕ್ಕಿದ್ದು 1899ರಲ್ಲಿ ಅನಂತಪುರ ಕಡೆಯ ಗುತ್ತಿಯಲ್ಲಿ, ಆಮೇಲೆ ನೂರು ವರ್ಷ ಯಾರ ಕಣ್ಣಿಗೂ ಬೀಳದೆ 2001ರಲ್ಲಿ ನಂದ್ಯಾಲ, ಗಿದ್ದಲೂರು ನಡುವಿನ ಕಾಡಿನಲ್ಲಿ ಮತ್ತೆ ಕಂಡದ್ದು. ಚಂದ ಉಂಟು ಅಂತ ಲೋಕದವ್ರೆಲ್ಲ ಆಸೆ ಪಟ್ಟು, ಕಾಡು ಕಡಿದು, ಈಗ ಅದು ಅಳಿವಿನ ಅಂಚಿನಲ್ಲಿ ಉಂಟು. ನಮ್ಮ ದರೆಯದ್ದಕ್ಕೆ ಆ ಗತಿ ಬಾರದಿರ್ಲಿ. ನಿಮ್ಮ ಭಾಗ್ಯ, ಮನೆ ಹತ್ರವೇ ಉಂಟು, ರಾತ್ರಿ ಹೋಗಿ ನೋಡಿ.

ಬದಿಯಡ್ಕದ ತಮ್ಮನಿಗೂ ಒಂದು ವಿಷಯ. ಕರ್ಲಿ ಹೇರ್, ಸೈಟಿಸ್ ಅಂದ್ರೆ ಕಾಡುಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಪಟ್ಟಿಯ ಜೀವಿ. ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿ 2023ರ ಏಪ್ರಿಲಿನಿಂದ ಜಾರಿಗೆ ಬಂದಿದೆ, 2024ರಲ್ಲಿ ನಿಯಮವೂ ಬಂತು, ಇಂಥದ್ದನ್ನು ಇಟ್ಟುಕೊಂಡವ್ರು ಕೇಂದ್ರ ಪರಿಸರ ಇಲಾಖೆಯ ಪರಿವೇಶ್ ಪೋರ್ಟಲಿನಲ್ಲಿ ರಿಜಿಸ್ಟರ್ ಮಾಡ್ಬೇಕು. ಕೊಟ್ಟವ್ರ ಹತ್ರ ಕಾಗದ ಕೇಳಿ ತಗೋ. ನಮ್ಮದು ಕೇರಳ, ಅವ್ರದ್ದು ಕರ್ನಾಟಕ, ಗಡಿ ದಾಟಿ ಬಂದದ್ದು ಬೇರೆ, ಹಾಗಾಗಿ ಇದನ್ನು ಮುಂದೆ ಹಾಕ್ಬೇಡ.

ಬದಿಯಡ್ಕದವ:
ಮಾಷ್ಟ್ರೇ, ಅಕ್ಕ, ಯಾರಾದ್ರೂ ಇದ್ದೀರಾ? ರಾತ್ರಿ ಹನ್ನೊಂದು ಕಾಲು. ಗೆರಟೆಯ ಬದಿಯ ಸಂದಿಯಿಂದ ನೋಡಿದೆ, ಪೂರ್ತಿ ಅಂಗಾತ ಮಲಗಿದೆ, ಅಡಿಗೆ ಬಲೆಯ ಹಾಸಿಗೆ ಹಾಗೆ ಹಾಸಿಕೊಂಡಿದೆ. ಅಲ್ಲಾಡುದೇ ಇಲ್ಲ. ಕೈ ನಡುಗ್ತಾ ಉಂಟು ನಂದು.

ಪೆರ್ಲದ ಮಾಷ್ಟ್ರು:
ಇದ್ದೇನೆ. ಆ ಹಾಸಿಗೆ ಪೊರೆ ಬಿಡ್ಲಿಕ್ಕೆ ಅಂತಲೇ ಹಾಸಿದ್ದು. ಲೈಟ್ ಆರಿಸಿ ಕೋಣೆಯ ಬಾಗಿಲು ಹಾಕಿ ಹೊರಗೆ ಬಾ. ಮೇಜು ಅಲ್ಲಾಡಿಸ್ಬೇಡ. ಗಂಟೆಗಟ್ಟಲೆ ಬೇಕಾಗ್ತದೆ, ಬೆಳಿಗ್ಗೆವರೆಗೆ ನೋಡ್ಬೇಡ, ನಿದ್ದೆ ಬಾರದಿದ್ರೆ ಇಲ್ಲೇ ಬರೀತಾ ಕೂರು.

ಬದಿಯಡ್ಕದವ:
ಆಯ್ತು!! ಬೆಳಿಗ್ಗೆ ಆರೂವರೆಗೆ ಅಮ್ಮನೇ ಮೊದಲು ನೋಡಿದ್ದು, ಎರಡು ಜೇಡ ಆಗಿದೆ ಮಗಾ ಅಂತ ಕರೆದ್ರು. ಒಂದು ಪೊರೆ, ಮುಚ್ಚಳದ ಹಾಗೆ ತೆರೆದುಕೊಂಡು ಖಾಲಿ ಬಿದ್ದಿದೆ, ಪಕ್ಕದಲ್ಲಿ ಇದು, ಮೊದಲಿಗಿಂತ ದೊಡ್ಡದು, ಕಪ್ಪು ಮೈ, ಮೇಲೆ ಬಂಗಾರದ ಬಣ್ಣದ ಗುಂಗುರು ಕೂದಲು. ಎಂಟು ಕಾಲೂ ಸರಿ ಉಂಟು, ನಾಲ್ಕು ಸಲ ಎಣಿಸಿದೆ. ಕೋರೆಹಲ್ಲು ಮಾತ್ರ ಬೆಳ್ಳಗೆ ಕಾಣ್ತದೆ, ಅದು ಸರಿಯಾ? ಹಸಿವಾಗಿರ್ಬೇಕು ಪಾಪ, ಹುಳ ಹಾಕ್ಲಾ?

ಉಪ್ಪಳದ ಅಕ್ಕ:
ಓದಿ ಕಣ್ಣಲ್ಲಿ ನೀರು ಬಂತು ನೋಡು. ಹುಳ ಈಗ ಬೇಡ ತಮ್ಮ. ಹಲ್ಲು ಇನ್ನೂ ಮೆತ್ತಗೆ ಉಂಟು, ಕಚ್ಚಿದ್ರೆ ಮುರೀತದೆ. ಬಿಳಿಯಿಂದ ಕೆಂಪಾಗಿ ಆಮೇಲೆ ಪೂರ್ತಿ ಕಪ್ಪಾಗ್ಬೇಕು, ನಿನ್ನದಕ್ಕೆ ಒಂದು ವಾರ, ಹತ್ತು ದಿನ ಹಿಡೀಬಹುದು. ಮೊದಲನೇ ಸಲ ಸಣ್ಣ ಹುಳ ಹಾಕು, ಮುಟ್ಟದಿದ್ರೆ ಮರುದಿನ ತೆಗಿ. ನೀರು ಮಾತ್ರ ಇವತ್ತೇ ತುಂಬಿಸು, ತುಂಬ ಕುಡೀತದೆ.

ಪೆರ್ಲದ ಮಾಷ್ಟ್ರು:
ಆ ಪೊರೆ ಬಿಸಾಡ್ಬೇಡ. ಅದು ದೂರ ಹೋದಾಗ ಉದ್ದ ಚಿಮಟದಲ್ಲಿ ಮೆಲ್ಲ ತೆಗೆದು, ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪ್ ಹಾಕಿ ನೆನೆಸಿ ಬಿಡಿಸು, ಕೈಗೆ ಗ್ಲೌಸ್ ಹಾಕಿಕೋ. ಹೊಟ್ಟೆಯ ಭಾಗದ ಒಳಬದಿಯಲ್ಲಿ ನಾಲ್ಕು ಬಿಳಿ ಮಚ್ಚೆ ಕಾಣ್ತದೆ, ಅದು ಉಸಿರಾಟದ ಪದರ. ಮೇಲಿನ ಎರಡರ ನಡುವೆ ಸಣ್ಣ ಕಿಸೆಯ ಹಾಗೆ ಒಂದು ಪದರ ಎದ್ದಿದ್ರೆ ಹೆಣ್ಣು. ಹೆಣ್ಣಾದ್ರೆ ಇಪ್ಪತ್ತು ವರ್ಷ ಬದುಕೀತು. ಸ್ಪಷ್ಟ ಇಲ್ಲದಿದ್ರೆ ಫೋಟೋ ಹಾಕು, ನೋಡಿ ಹೇಳ್ತೇನೆ.

ಬದಿಯಡ್ಕದವ:
ಪೊರೆ ಅಮ್ಮ ಆಗಲೇ ಹಳೇ ಹಾರ್ಲಿಕ್ಸ್ ಬಾಟ್ಲಿಯಲ್ಲಿ ಹಾಕಿಸಿ ಕಪಾಟಿನಲ್ಲಿ ಇಟ್ಟಿದ್ದಾರೆ, ಚೂರಾದ್ರೆ ಬೈತಾರೆ. ಅವ್ರ ಎದುರಿನಲ್ಲೇ ನೆನೆಸಿ ನೋಡಿ ಆದಿತ್ಯವಾರ ಫೋಟೋ ಹಾಕ್ತೇನೆ. ಮಂಗ್ಳೂರಿನವ್ರಿಗೆ ಕಾಗದಕ್ಕೆ ಮೆಸೇಜ್ ಮಾಡಿದೆ, ಸಂಜೆ ಕಳಿಸ್ತೇನೆ ಅಂದಿದ್ದಾರೆ. ಇರುವೆಗೆ ಮೇಜಿನ ಕಾಲಿಗೆ ಗೆರಟೆ ಇಟ್ಟಾಯ್ತು.