ಸಫಾರಿಯೋ ಎಕ್ಸ್‌ಯುವಿ 700-ಓ? ಹಿಂದಿನ ಸಾಲಲ್ಲಿ ಕೂರುವವರು ಯಾರು, ಮೊದಲು ಹೇಳಿ

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿಯವಳು, ಶಾಲೆಯಲ್ಲಿ ಟೀಚರ್. ಹಳೆಯ ವ್ಯಾಗನ್‌ಆರ್ ಕೊಟ್ಟು ಮೂರು ಸಾಲಿನ ಗಾಡಿ ತಗೊಳ್ಳೋಣ ಅಂತ ಇದ್ದೇವೆ. ಹೊಸದಕ್ಕೆ ಕೈ ಹಾಕುವಷ್ಟು ದುಡ್ಡಿಲ್ಲ, ಸೆಕೆಂಡ್ ಹ್ಯಾಂಡೇ ಗತಿ. ಶಿವಮೊಗ್ಗದಲ್ಲಿ ಎರಡು ಗಾಡಿ ನೋಡಿದೆವು. ಎರಡೂ 2022ರ ಮಾಡೆಲ್, ಆಟೋಮ್ಯಾಟಿಕ್, ಏಳು ಸೀಟು. ಒಂದು ಮಹೀಂದ್ರ ಎಕ್ಸ್‌ಯುವಿ 700 ಪೆಟ್ರೋಲ್, 41 ಸಾವಿರ ಕಿ.ಮೀ. ಓಡಿದೆ. ಇನ್ನೊಂದು ಟಾಟಾ ಸಫಾರಿ ಡೀಸೆಲ್, 58 ಸಾವಿರ ಓಡಿದೆ. ಇಬ್ಬರು ಮಾಲೀಕರೂ ಹದಿನೈದೂವರೆ ಲಕ್ಷ ಹೇಳುತ್ತಿದ್ದಾರೆ.

ಮನೆಯಲ್ಲಿ ನಾವಿಬ್ಬರು, ಅತ್ತೆ, ಮಾವ, 11 ಮತ್ತು 7 ವರ್ಷದ ಇಬ್ಬರು ಮಕ್ಕಳು. ರಜೆಯಲ್ಲಿ ನಾದಿನಿಯೂ ಬರುತ್ತಾಳೆ. ಅತ್ತೆಗೆ ಮಂಡಿನೋವು. ನಮ್ಮವರು ಎಕ್ಸ್‌ಯುವಿ ಅಂತಾರೆ, ಮಾವ ಸಫಾರಿ ಅಂತಾರೆ. ಊಟಕ್ಕೆ ಕೂತರೆ ಇದೇ ಮಾತು. ಗ್ಯಾರೇಜ್ ನಡೆಸುವ ಸರ್ ಈ ಗುಂಪಲ್ಲಿ ಇದ್ದಾರಲ್ಲ, ದಯವಿಟ್ಟು ಹೇಳಿ.

ಗ್ಯಾರೇಜ್‌ನವರು:
ಮೇಡಂ, ಎರಡೂ ಕೆಟ್ಟ ಗಾಡಿಯಲ್ಲ. ಆದ್ದರಿಂದ ಯಾವುದು ಒಳ್ಳೆಯದು ಅಂತ ಕೇಳಿದರೆ ಇನ್ನೊಂದು ವರ್ಷ ಊಟದ ಹೊತ್ತಿಗೆ ಜಗಳ ಮುಂದುವರಿಯುತ್ತದೆ. ನನಗೆ ಮೂರು ವಿಷಯ ಬೇಕು. ದಿನಾ ಎಷ್ಟು ದೂರ ಓಡಿಸುತ್ತೀರಿ? ಸ್ಟೇರಿಂಗ್ ಹಿಡಿಯುವವರು ಯಾರು? ಹಿಂದಿನ ಸಾಲಲ್ಲಿ ಕೂರುವವರು ಯಾರು?

ಪ್ರಶ್ನೆ ಕೇಳಿದವರು:
ದಿನಾ ಮನೆಯಿಂದ ಪೇಟೆಗೆ, ಮಕ್ಕಳ ಶಾಲೆಗೆ, ವಾಪಸ್. ಒಟ್ಟು ಹತ್ತು ಹನ್ನೆರಡು ಕಿ.ಮೀ. ನಾನೂ ಓಡಿಸುತ್ತೇನೆ, ಅವರೂ ಓಡಿಸುತ್ತಾರೆ. ಹಿಂದೆ ಮಕ್ಕಳು. ನಾದಿನಿ ಬಂದರೆ ಅವಳೂ ಹಿಂದೆಯೇ.

ಗ್ಯಾರೇಜ್‌ನವರು:
ಹತ್ತು ಹನ್ನೆರಡು ಕಿ.ಮೀ. ಮಾತ್ರ ಅಂದರೆ ನಾನು ಪೆಟ್ರೋಲ್ ಅಂತಲೇ ಹೇಳುತ್ತೇನೆ. ಕಾರಣ ಡಿಪಿಎಫ್. ಬಿಎಸ್6, ಅಂದರೆ 2020ರಿಂದ ಬಂದ ಹೊಗೆ ನಿಯಮದ ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಒಂದು ಜಾಲರಿ ಇರುತ್ತದೆ. ಮಸಿ ತುಂಬಿದಾಗ ಅದು ತಾನೇ ಕಾದು ಸುಟ್ಟುಕೊಳ್ಳಬೇಕು. ಅದಕ್ಕೆ ಗಾಡಿ ಒಂದೇ ಹದದಲ್ಲಿ, ಸ್ವಲ್ಪ ವೇಗದಲ್ಲಿ, ಹದಿನೈದು ಇಪ್ಪತ್ತು ನಿಮಿಷ ಓಡಬೇಕು. ಪೇಟೆಯಲ್ಲಿ ಐದು ಕಿ.ಮೀ. ಹೋಗಿ ನಿಲ್ಲಿಸಿದರೆ ಇಂಜಿನ್ ಸರಿಯಾಗಿ ಬಿಸಿಯೇ ಆಗಿರುವುದಿಲ್ಲ. ಮಸಿ ಕೂತಲ್ಲೇ ಕೂರುತ್ತದೆ.

ಕಳೆದ ವರ್ಷ ಒಬ್ಬರು ಹಿರಿಯರು ಹೀಗೇ ಒಂದು ಡೀಸೆಲ್ ಗಾಡಿ ತಂದರು. ಯಾವ ಕಂಪನಿಯದು ಅನ್ನುವುದು ಬೇಡ, ತಪ್ಪು ಗಾಡಿಯದಲ್ಲ. ಮನೆಯಿಂದ ದೇವಸ್ಥಾನ, ದೇವಸ್ಥಾನದಿಂದ ಮನೆ, ಅಷ್ಟೇ ಓಡಾಟ. ಮೀಟರಲ್ಲಿ ದೀಪ ಹತ್ತಿ ಒಂದು ತಿಂಗಳಾಗಿತ್ತಂತೆ. ಏನೋ ಸಣ್ಣದು ಅಂತ ಸುಮ್ನೆ ಇದ್ದರು. ಕೊನೆಗೆ ಜಾಲರಿಯನ್ನೇ ಬದಲಿಸಬೇಕಾಯಿತು. ಬಿಲ್ ನೋಡಿ ಅವರು ನನ್ನ ಬೆಂಚಿನ ಮೇಲೆ ಕೂತು ನೀರು ಕೇಳಿದರು.

ಸದಸ್ಯರೊಬ್ಬರು:
ಯಾಕೆ ಇಷ್ಟು ತಲೆಬಿಸಿ? ಕಣ್ಣು ಮುಚ್ಚಿಕೊಂಡು ಇನ್ನೋವಾ ತಗೊಳ್ಳಿ.

ಗ್ಯಾರೇಜ್‌ನವರು:
ಈ ಮಾತು ಇನ್ನೂ ಯಾಕೆ ಬಂದಿಲ್ಲ ಅಂದುಕೊಂಡೆ! ಇನ್ನೋವಾ ಒಳ್ಳೆಯ ಗಾಡಿ, ಸಂಶಯವಿಲ್ಲ. ಆದರೆ ಅದರ ಬೆಲೆ ಬೇಗ ಇಳಿಯುವುದಿಲ್ಲ. ಹದಿನೈದೂವರೆಗೆ ಸಿಗುವ ಇನ್ನೋವಾ ಕ್ರಿಸ್ಟಾ ಸಾಮಾನ್ಯವಾಗಿ ಇವೆರಡಕ್ಕಿಂತ ಹಳೆಯದು, ಜಾಸ್ತಿ ಓಡಿದ್ದು. ಕಣ್ಣು ತೆರೆದುಕೊಂಡೇ ನೋಡಬೇಕು.

ಪ್ರಶ್ನೆ ಕೇಳಿದವರು:
ಸರ್, ಒಂದು ಹೇಳಲು ಮರೆತೆ. ಪ್ರತಿ ಶನಿವಾರ ಅತ್ತೆಯನ್ನು ಫಿಸಿಯೋಥೆರಪಿಗೆ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗುತ್ತೇವೆ. ತಿಂಗಳಿಗೊಮ್ಮೆ ಆಗುಂಬೆ ಇಳಿದು ಉಡುಪಿಗೆ, ಅಮ್ಮನ ಮನೆಗೆ.

ಗ್ಯಾರೇಜ್‌ನವರು:
ಇದನ್ನು ಮೊದಲೇ ಹೇಳಬಾರದಿತ್ತಾ ಮೇಡಂ! ಲೆಕ್ಕವೇ ತಿರುಗಿತು. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿ.ಮೀ. ವಾರಕ್ಕೊಮ್ಮೆ ಹೋಗಿ ಬಂದರೆ ಡಿಪಿಎಫ್‌ಗೆ ಸಾಕು. ದಾರಿಯಲ್ಲಿ ಸುಟ್ಟುಕೊಳ್ಳುವ ಕೆಲಸ ಶುರುವಾಗಿದ್ದರೆ ನಡುವೆ ಇಂಜಿನ್ ಆಫ್ ಮಾಡಬೇಡಿ, ಅಷ್ಟೇ.

ಈಗ ಖರ್ಚು ನೋಡಿ. ತಿಂಗಳಿಗೆ ಕಡಿಮೆ ಅಂದರೂ 800 ಕಿ.ಮೀ. ಹಿಡಿಯೋಣ. ಎಕ್ಸ್‌ಯುವಿ ಪೆಟ್ರೋಲ್ 200 ಪಿಎಸ್ (ಇಂಜಿನ್ ಶಕ್ತಿಯ ಅಳತೆ) ಇಂಜಿನ್. ಎಳೆತ ಚೆನ್ನಾಗಿದೆ, ಕುಡಿತವೂ ಹಾಗೇ ಇದೆ. ನಿಮ್ಮ ಓಡಾಟಕ್ಕೆ ಲೀಟರಿಗೆ ಒಂಬತ್ತೂವರೆ ಕಿ.ಮೀ. ಕೊಟ್ಟರೆ 84 ಲೀಟರ್ ಬೇಕು. ಸಫಾರಿ 170 ಪಿಎಸ್ ಡೀಸೆಲ್, 13 ಕೊಟ್ಟರೆ 62 ಲೀಟರ್ ಸಾಕು. ಪೆಟ್ರೋಲ್ 103, ಡೀಸೆಲ್ 91 ರೂಪಾಯಿ ಅಂತ ಇಟ್ಟುಕೊಂಡರೆ ತಿಂಗಳಿಗೆ ಮೂರು ಸಾವಿರ ವ್ಯತ್ಯಾಸ. ವರ್ಷಕ್ಕೆ 36 ಸಾವಿರ.

ಹಾಗಂತ ಸಫಾರಿ ಗೆದ್ದಿತು ಅಂತ ಮಾವನವರಿಗೆ ಈಗಲೇ ಹೇಳಬೇಡಿ. 2022ರ ಸಫಾರಿಯಲ್ಲಿ ಇರುವುದು ಹೈಡ್ರಾಲಿಕ್ ಸ್ಟೇರಿಂಗ್, ತಿರುಗಿಸಲು ಸ್ವಲ್ಪ ಭಾರ. ಎಲೆಕ್ಟ್ರಿಕ್ ಬಂದದ್ದು 2023ರ ಅಕ್ಟೋಬರ್‌ನ ಹೊಸ ರೂಪದಲ್ಲಿ. ನೇರ ರಸ್ತೆಯಲ್ಲಿ ಗೊತ್ತಾಗುವುದಿಲ್ಲ. ಆಗುಂಬೆಯ ಹದಿನಾಲ್ಕು ತಿರುವಲ್ಲಿ ತೋಳಿಗೆ ಗೊತ್ತಾಗುತ್ತದೆ. ಎಕ್ಸ್‌ಯುವಿ ಸ್ಟೇರಿಂಗ್ ಬೆಣ್ಣೆ ಹಾಗೆ. ನೀವೂ ಓಡಿಸುವವರಲ್ವಾ? ಯಜಮಾನರು ಓಡಿಸಿ ನೋಡಿ ಚೆನ್ನಾಗಿದೆ ಅಂದರೆ ಸಾಲದು. ನೀವೇ ಪಾರ್ಕಿಂಗ್‌ನಲ್ಲಿ ಹಿಂದೆ ಮುಂದೆ ತಿರುಗಿಸಿ ನೋಡಿ.

ಗೇರ್‌ಬಾಕ್ಸ್ ಬಗ್ಗೆ ಚಿಂತೆ ಬೇಡ. ಎರಡರಲ್ಲೂ ಆರು ಸ್ಪೀಡಿನ ಟಾರ್ಕ್ ಕನ್ವರ್ಟರ್, ಅಂದರೆ ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಆಟೋಮ್ಯಾಟಿಕ್. ಘಾಟಿ ಏರಲು ನಂಬಿಕಸ್ತ. ಇಳಿಯುವಾಗ ಮಾತ್ರ ಮ್ಯಾನ್ಯುವಲ್ ಮೋಡ್‌ಗೆ ಹಾಕಿ ಕೆಳಗಿನ ಗೇರಲ್ಲಿ ಇಳಿಸಿ. ಬ್ರೇಕ್ ಒತ್ತಿಕೊಂಡೇ ಇಳಿದರೆ ಕೆಳಗೆ ಬರುವಷ್ಟರಲ್ಲಿ ಸುಟ್ಟ ವಾಸನೆ ಬರುತ್ತದೆ.

ಪ್ರಶ್ನೆ ಕೇಳಿದವರು:
ಹಿಂದಿನ ಸೀಟು ಹೇಗೆ ಸರ್? ಸಫಾರಿ ಮಾರುವವರು 5 ಸ್ಟಾರ್ ಗಾಡಿ ಅಂತಲೂ ಹೇಳಿದರು.

ಗ್ಯಾರೇಜ್‌ನವರು:
ಸ್ಟಾರ್ ಮಾತು ಮೊದಲು ಮುಗಿಸುತ್ತೇನೆ. ಸಫಾರಿಗೆ, ಗಾಡಿ ಗುದ್ದಿಸಿ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್‌ನಲ್ಲಿ 5 ಸ್ಟಾರ್ ಬಂದಿರುವುದು ನಿಜ, ಆದರೆ ಅದು 2023ರ ಹೊಸ ರೂಪಕ್ಕೆ. 2022ರ ಗಾಡಿಗೆ ಆ ಸ್ಟಾರ್ ಅಂಟಿಸಲು ಬರುವುದಿಲ್ಲ. ಎಕ್ಸ್‌ಯುವಿ 700 ಅನ್ನು 2021ರಲ್ಲೇ ಗುದ್ದಿಸಿ ನೋಡಿದ್ದಾರೆ. ದೊಡ್ಡವರಿಗೆ 5, ಮಕ್ಕಳಿಗೆ 4 ಸ್ಟಾರ್ ಬಂದಿದೆ. ಹಳೆಯ ಸಫಾರಿ ದುರ್ಬಲ ಗಾಡಿ ಅಂತಲ್ಲ. ಕಾಗದದ ಮೇಲೆ ಹೇಳಬಹುದಾದದ್ದು ಇಷ್ಟು. ಏರ್‌ಬ್ಯಾಗ್ ವೇರಿಯಂಟ್ ನೋಡಿ ಬದಲಾಗುತ್ತದೆ, ಎಣಿಸಿಕೊಳ್ಳಿ.

ಇನ್ನು ಹಿಂದಿನ ಸಾಲು. ಇದೇ ಮುಖ್ಯ, ಇದನ್ನೇ ಯಾರೂ ನೋಡುವುದಿಲ್ಲ. ಸಫಾರಿಯಲ್ಲಿ ತಲೆ ಮೇಲೆ ಜಾಗ ಜಾಸ್ತಿ. ನಿಮ್ಮ ನಾದಿನಿ ಉಡುಪಿಯವರೆಗೆ ಗೊಣಗದೆ ಕೂರಬಹುದು. ಎಕ್ಸ್‌ಯುವಿಯಲ್ಲಿ ಮಂಡಿ ಮೇಲೆದ್ದು ಕುಕ್ಕರುಗಾಲಲ್ಲಿ ಕೂತ ಹಾಗಾಗುತ್ತದೆ. ಅದು ಮಕ್ಕಳಿಗೆ ಸೈ.

ಆದರೆ ಹಿಂದಿನ ಸಾಲಿಗೆ ಹೋಗುವುದು ಹೇಗೆ? ನಡುವಿನ ಸಾಲಿನ ಒಂದು ಸೀಟು ಮಡಚಿ ಮುಂದಕ್ಕೆ ಉರುಳಿಸಬೇಕು. ಆ ಸೀಟಲ್ಲಿ ಅತ್ತೆ ಕೂತಿದ್ದರೆ? ಮಗುವಿಗೆ ವಾಂತಿ ಬಂತು ಅಂದಾಗಲೆಲ್ಲ, ಮಂಡಿ ನೋಯುವ ಅತ್ತೆ ಇಳಿದು, ಸೀಟು ಮಡಚಿ, ಮಗುವನ್ನು ಇಳಿಸಿ, ಮತ್ತೆ ಹತ್ತಬೇಕು. ಆಗುಂಬೆ ತಿರುವಲ್ಲಿ, ಮಳೆಯಲ್ಲಿ. ಯಾವ ಕಡೆಯ ಸೀಟು ಸಲೀಸಾಗಿ ಉರುಳುತ್ತದೆ ಅಂತ ನೋಡಿ, ಅತ್ತೆಯನ್ನು ಇನ್ನೊಂದು ಕಡೆ ಕೂರಿಸಿ.

ಸಾಮಾನಿನ ಕಥೆ ಕೇಳಬೇಡಿ. ಮೂರೂ ಸಾಲು ಎತ್ತಿದರೆ ಸಫಾರಿ ಡಿಕ್ಕಿಯಲ್ಲಿ ಉಳಿಯುವುದು 73 ಲೀಟರ್. ನಿಮ್ಮ ವ್ಯಾಗನ್‌ಆರ್ ಹೊಸ ಮಾದರಿಯದಾಗಿದ್ದರೆ ಅದರದ್ದೇ 341 ಲೀಟರ್! ಅಮ್ಮನ ಮನೆಯಿಂದ ಬರುವಾಗ ತೆಂಗಿನಕಾಯಿ ಚೀಲ ಎಲ್ಲಿಡುತ್ತೀರಿ? ಎಕ್ಸ್‌ಯುವಿಯಲ್ಲೂ ಏಳು ಜನ ಕೂತ ಮೇಲೆ ದೊಡ್ಡ ಸೂಟ್‌ಕೇಸ್ ಆಸೆ ಬಿಡಿ. ಮೇಲೆ ಕ್ಯಾರಿಯರ್ ಹಾಕಿಸಬೇಕು.

ಇನ್ನೊಬ್ಬ ಸದಸ್ಯರು:
ನನ್ನ ಭಾವ ದೆಹಲಿಯಲ್ಲಿ 2021ರ ಸಫಾರಿ ಮೂರು ಲಕ್ಷ ಕಡಿಮೆಗೆ ತೋರಿಸಿದರು. ತರಬಹುದಾ ಸರ್?

ಗ್ಯಾರೇಜ್‌ನವರು:
ಅಲ್ಲಿ ಡೀಸೆಲ್ ಗಾಡಿಗೆ ಹತ್ತು ವರ್ಷದ ಮಿತಿಯ ಭಯ ಇದೆ, ಅದಕ್ಕೇ ಅಗ್ಗ. ತರಬಹುದು. ಆದರೆ ಅಲ್ಲಿನ ಆರ್‌ಟಿಒ ಕೊಡುವ ಒಪ್ಪಿಗೆ ಪತ್ರ, ಅಂದರೆ ಎನ್‌ಒಸಿ ತರಬೇಕು, ಇಲ್ಲಿ ಕೆಎ ನಂಬರ್ ಮಾಡಿಸಬೇಕು, ಕರ್ನಾಟಕದ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಬೇಕು. ಹೊಸ ಗಾಡಿಗೆ 20 ಲಕ್ಷದ ಮೇಲಾದರೆ ಅದು 18 ಪರ್ಸೆಂಟ್, ಅದರ ಮೇಲೆ ಸೆಸ್ ಬೇರೆ. ಹಳೆಯದಕ್ಕೆ ವಯಸ್ಸು ನೋಡಿ ಕಡಿಮೆ ಮಾಡುತ್ತಾರೆ. ಆದರೂ ಉಳಿಸಿದ ಮೂರು ಲಕ್ಷದಲ್ಲಿ ದೊಡ್ಡ ಪಾಲು ಆರ್‌ಟಿಒಗೇ ಹೋಗುತ್ತದೆ.

ಮೇಡಂ, ನಿಮಗೂ ಒಂದು ಮಾತು. 2025ರ ಸೆಪ್ಟೆಂಬರ್ 22ರಿಂದ ಇಂಥ ಹೊಸ ಗಾಡಿಗಳ ತೆರಿಗೆ ಸೆಸ್ ಸೇರಿ ಇದ್ದ 48-50ರಿಂದ 40 ಪರ್ಸೆಂಟಿಗೆ ಇಳಿದಿದೆ. ಹೊಸದರ ಬೆಲೆಯೇ ಇಳಿದ ಮೇಲೆ ಹಳೆಯದರದ್ದು ಮೊದಲಿನಷ್ಟೇ ಯಾಕೆ ಇರಬೇಕು? ಧೈರ್ಯವಾಗಿ ಚೌಕಾಸಿ ಮಾಡಿ. ಅದಕ್ಕೂ ಮೊದಲು ಒಂದು ಭಾನುವಾರ ಅತ್ತೆ, ಮಾವ, ಮಕ್ಕಳು, ಎಲ್ಲರನ್ನೂ ಕರೆದುಕೊಂಡು ಹೋಗಿ ಎರಡೂ ಗಾಡಿ ಹತ್ತಿ ಇಳಿಸಿ.

ಪ್ರಶ್ನೆ ಕೇಳಿದವರು (ಎರಡು ವಾರದ ನಂತರ):
ಸರ್, ಹೋಗಿ ಬಂದೆವು. ಸಫಾರಿ ಎತ್ತರ, ಅತ್ತೆ ಹಿಂದಿನ ಬಾಗಿಲಿಂದ ಹತ್ತಲು ಕಷ್ಟಪಟ್ಟರು. ಮುಂದಿನ ಬಾಗಿಲಲ್ಲಿ ಹಿಡಿ ಹಿಡಿದುಕೊಂಡು ಆರಾಮಾಗಿ ಹತ್ತಿದರು. ಕೂತವರು ಇಳಿಯಲೇ ಇಲ್ಲ! ಇನ್ನು ಮುಂದೆ ತಮ್ಮ ಸೀಟು ಅದೇ ಅಂದರು. ನಾನು ಓಡಿಸದಿದ್ದಾಗ ನಾನೇ ನಡುವಿನ ಸಾಲಿಗೆ. ಸೀಟು ಮಡಚುವ ತೊಂದರೆ ಹೀಗೆ ತಪ್ಪಿತು. ಸ್ಟೇರಿಂಗ್ ಭಾರ ಹೌದು, ಆದರೆ ನನಗೆ ಆಗದಷ್ಟಲ್ಲ. ಮಕ್ಕಳು ಎರಡಕ್ಕೂ ಸೈ ಅಂದರು. ನಮ್ಮವರು ಒಂದು ದಿನ ಮುಖ ಊದಿಸಿಕೊಂಡಿದ್ದರು, ಆಮೇಲೆ ಡೀಸೆಲ್ ಲೆಕ್ಕ ಅವರೇ ಎಲ್ಲರಿಗೂ ಹೇಳುತ್ತಿದ್ದಾರೆ. ಸಫಾರಿ ಮಾಲೀಕರು ಹದಿನಾಲ್ಕು ಮುಕ್ಕಾಲಿಗೆ ಬಂದಿದ್ದಾರೆ. ಅಡ್ವಾನ್ಸ್ ಕೊಡಬಹುದಾ?

ಗ್ಯಾರೇಜ್‌ನವರು:
ಇನ್ನೂ ಒಂದು ರೂಪಾಯಿ ಕೊಡಬೇಡಿ. ಮೊದಲು ಸರ್ವಿಸ್ ಹಿಸ್ಟರಿ ತೆಗೆಸಿ, 58 ಸಾವಿರ ನಿಜವೋ ನೋಡಿ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, ಟೈರ್ ತಯಾರಾದ ವಾರ ಮತ್ತು ವರ್ಷ. ನಾಲ್ಕೂ ಟೈರಿಗೆ ಒಂದೇ ಇದೆಯೋ ನೋಡಿ. ಸ್ಕ್ಯಾನರ್ ಹಾಕಿ ಡಿಪಿಎಫ್‌ನಲ್ಲಿ ಎಷ್ಟು ಮಸಿ ಇದೆ ಅಂತ ನಾನು ಹೇಳುತ್ತೇನೆ. ಬುಧವಾರ ಬೆಳಗ್ಗೆ ಏಳಕ್ಕೆ ಬರುತ್ತೇನೆ. ಮಾಲೀಕರಿಗೆ ಹೇಳಿಡಿ, ನಾನು ಬರುವ ಮೊದಲು ಗಾಡಿ ಸ್ಟಾರ್ಟ್ ಮಾಡಿ ಇಡಬಾರದು. ಬಾನೆಟ್ ಮುಟ್ಟಿದರೆ ತಣ್ಣಗಿರಬೇಕು.